‘ನಾವೇನು ಕೂಲಿಯವರಲ್ಲ’ ಎಂಬ ಸಾಲಿಗೆ

ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರಿಂದ ದಿನವೂ ಮೈಸೂರಿಗೆ ಬಂದು ಹೋಗುವ ಓದುಗರೊಬ್ಬರು ಕಳೆದ ತಿಂಗಳು ನಮಗೆ ಆರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂಬ ಮಾತಿಗೆ ಎರಡು ಸಲ ಅಡಿಗೆರೆ ಎಳೆದಿದ್ದಾರೆ, ಹಾಕಿಲ್ಲ. ಕಂಪನಿಯ ಹೆಸರನ್ನೂ ತೆಗೆದಿದ್ದೇನೆ. ಇಡೀ ಪತ್ರ ಅಚ್ಚಾದರೆ ಬರೆದವರು ಯಾರೆಂದು ಪಕ್ಕದ ಮೇಜಿನವರಿಗೆ ತಿಳಿದುಹೋಗುತ್ತದೆ. ಆದ್ದರಿಂದ ಇಲ್ಲಿ ಅದರ ಸಾರವಷ್ಟೇ ಇದೆ.

ಅವರಿಗೆ 26 ವರ್ಷ. ಎಂಜಿನಿಯರಿಂಗ್ ಮುಗಿಸಿ, ದೊಡ್ಡ ಸಂಸ್ಥೆಗಳಿಗೆ ತಾಂತ್ರಿಕ ಸಿಬ್ಬಂದಿಯನ್ನು ಒದಗಿಸುವ ಗುತ್ತಿಗೆ ಕಂಪನಿಯೊಂದನ್ನು ಸೇರಿದ್ದಾರೆ. ಕೂರುವುದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ, ಬೇರೆ ಸಂಸ್ಥೆಯ ಕಟ್ಟಡದಲ್ಲಿ. ಕೆಲಸ ಹೇಳುವವರು ಆ ಸಂಸ್ಥೆಯವರು, ಸಂಬಳ ಹಾಕುವುದು ಬೆಂಗಳೂರಿನ ಗುತ್ತಿಗೆದಾರ. ಹಾಜರಿಯಲ್ಲಿ ಎಂಟು ಗಂಟೆ, ನಿಜದಲ್ಲಿ ಹತ್ತೂವರೆ. ಸಂಬಳ ಬರುವುದು ಒಮ್ಮೆ 12ನೇ ತಾರೀಖಿಗೆ, ಒಮ್ಮೆ 18ಕ್ಕೆ. ಎರಡು ವರ್ಷದ ಬಾಂಡ್, ಮೊದಲೇ ಬಿಟ್ಟರೆ ಒಂದೂವರೆ ಲಕ್ಷ ರೂಪಾಯಿ ದಂಡ. ಮೂಲ ಅಂಕಪಟ್ಟಿಗಳು ಕಂಪನಿಯ ಕಪಾಟಿನಲ್ಲಿವೆ. ಪಿಎಫ್ ಪ್ರತಿ ತಿಂಗಳೂ ಕಡಿತವಾಗುತ್ತದೆ, ಪಾಸ್‌ಬುಕ್‌ನಲ್ಲಿ ಮಾತ್ರ ಮೂರು ತಿಂಗಳು ಖಾಲಿ. ವರ್ಷಕ್ಕೊಮ್ಮೆ ಇವರ ಕೆಲಸವನ್ನು ಅಳೆಯುವ ಮ್ಯಾನೇಜರ್, ಇವರು ಕೆಲಸ ಮಾಡುವುದನ್ನು ಒಂದು ದಿನವೂ ಕಂಡಿಲ್ಲ. ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಂದು, ‘ನಾವೆಲ್ಲ ಒಂದೇ ಕುಟುಂಬ’ ಎಂದು ಭಾಷಣ ಮಾಡಿ, ಮದ್ದೂರು ವಡೆ ಹಂಚಿ ಹೋಗುತ್ತಾರೆ. ಪ್ರಶ್ನೆ ಕೇಳಿದ ಇಬ್ಬರನ್ನು ‘ಬೆಂಚ್’ಗೆ ಹಾಕಿ, ಅಂದರೆ ಕೆಲಸ ಕೊಡದೆ ಕೂರಿಸಿ, ಎರಡು ತಿಂಗಳಲ್ಲಿ ರಾಜೀನಾಮೆ ಬರೆಸಿಕೊಂಡರಂತೆ. ಅಪ್ಪ ‘ನೆರಳಿನ ಕೆಲಸ, ತಾಳಿಕೊ’ ಎನ್ನುತ್ತಾರೆ. ಕೊನೆಗೆ ಅವರ ಪ್ರಶ್ನೆ: ಮಾತನಾಡಲೇ, ಬಿಟ್ಟು ಬಿಡಲೇ, ತಾಳಿಕೊಳ್ಳಲೇ?

ಸ್ನೇಹಿತರೇ, ಇವಕ್ಕೆಲ್ಲ ಉತ್ತರ ಬರೆಯಲು ಕುಳಿತಾಗ ಕಣ್ಣು ಮತ್ತೆ ಮತ್ತೆ ನಾಲ್ಕನೆಯ ಪುಟದ ಒಂದು ಸಾಲಿಗೆ ಹೋಗಿ ನಿಂತಿತು. ‘ಯಾರೋ ಲೇಬರ್ ಆಫೀಸಿಗೆ ಹೋಗಿ ಎಂದರು. ನಾವೇನು ಕೂಲಿಯವರಲ್ಲ ಸಾರ್, ಎಂಜಿನಿಯರುಗಳು’ ಎಂದು ಬರೆದಿದ್ದೀರಿ. ನಿಮ್ಮ ಮ್ಯಾನೇಜರ್ ಬಗ್ಗೆ ಬರೆದ ಐದು ಪುಟಗಳಿಗಿಂತ ಈ ಒಂದು ಸಾಲೇ ನನಗೆ ಹೆಚ್ಚು ಚಿಂತೆ ತಂದಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದ ನೆಪದಲ್ಲಿ ಇದೇ ಬಗೆಯ ಕೆಲಸದಲ್ಲಿರುವ ಇನ್ನಿಬ್ಬರನ್ನು ಕಚೇರಿಗೆ ಕರೆದು ಮಾತನಾಡಿಸಿದೆ. ಒಬ್ಬರು ರಾತ್ರಿ ಪಾಳಿಯ ಹೆಣ್ಣುಮಗಳು. ಆಕೆ ಹೆಚ್ಚು ಹೇಳಲಿಲ್ಲ. ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿಯ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. ‘ಅವರದು ನೀಲಿ, ನಮ್ಮದು ಕಿತ್ತಳೆ. ನೀಲಿಯವರಿಗೆ ಕ್ಯಾಂಟೀನಿನಲ್ಲಿ ಊಟಕ್ಕೆ ಅರ್ಧ ಬೆಲೆ, ನಮಗೆ ಪೂರ್ತಿ. ಒಂದೇ ಸರತಿಯಲ್ಲಿ ನಿಂತಿರುತ್ತೇವೆ. ಬಿಲ್ ಮಾಡುವವನು ಮುಖ ನೋಡುವುದಿಲ್ಲ, ಕುತ್ತಿಗೆ ನೋಡುತ್ತಾನೆ’ ಎಂದರು. ಈಗ ಅವರು ಡಬ್ಬಿ ತಂದುಕೊಂಡು, ರಿಂಗ್ ರಸ್ತೆಯ ಬದಿಯ ಟೀ ಅಂಗಡಿಯ ಬೆಂಚಿನಲ್ಲಿ ಕುಳಿತು ಊಟ ಮಾಡುತ್ತಾರೆ.

ಇನ್ನೊಬ್ಬರಿಗೆ ನಲವತ್ತು ದಾಟಿದೆ. ನೆಟ್‌ವರ್ಕ್ ನೋಡಿಕೊಳ್ಳುವವರು. ಪ್ಲಾಸ್ಟಿಕ್ ಕವರಿನಿಂದ ನಾಲ್ಕು ನೇಮಕಾತಿ ಪತ್ರಗಳನ್ನು ತೆಗೆದು ಇಸ್ಪೀಟ್ ಎಲೆಗಳಂತೆ ಹರಡಿದರು. ಹನ್ನೊಂದು ವರ್ಷಗಳಲ್ಲಿ ನಾಲ್ಕು ಕಂಪನಿಗಳು. ಅವರು ಕೆಲಸ ಬದಲಿಸಿದ್ದಾರೆ ಎಂದುಕೊಂಡೆ. ಇಲ್ಲ. ಕಟ್ಟಡ ಅದೇ, ಕೊಠಡಿ ಅದೇ, ಒಂದು ಕೈ ಮುರಿದ ಕುರ್ಚಿಯೂ ಅದೇ. ಟೆಂಡರ್ ಮುಗಿದಾಗಲೆಲ್ಲ ಹಳೆಯ ಗುತ್ತಿಗೆದಾರ ಹೋಗಿ ಹೊಸಬ ಬರುತ್ತಾನೆ; ಇವರು ಒಂದು ಶುಕ್ರವಾರ ರಾಜೀನಾಮೆ ಬರೆದು ಸೋಮವಾರ ‘ಹೊಸ ನೌಕರ’ರಾಗುತ್ತಾರೆ. ಮೂರು ವರ್ಷ, ಎರಡು ವರ್ಷ, ಮೂರು, ಮತ್ತೆ ಮೂರು. ಕೆಲಸ ಬಿಡುವಾಗ ಸಿಗುವ ಇಡುಗಂಟಿಗೆ, ಅಂದರೆ ಗ್ರಾಚ್ಯುಟಿಗೆ, 1972ರ ಕಾಯ್ದೆ ಕೇಳುತ್ತಿದ್ದುದು ಒಬ್ಬನೇ ಮಾಲೀಕನ ಬಳಿ ಐದು ವರ್ಷ. ಹನ್ನೊಂದು ವರ್ಷ ದುಡಿದ ಮನುಷ್ಯನಿಗೆ ಆ ಐದು ಒಮ್ಮೆಯೂ ತುಂಬಿಲ್ಲ. ರಜೆಯ ಲೆಕ್ಕ ನಾಲ್ಕು ಸಲ ಸೊನ್ನೆಯಿಂದ ಶುರುವಾಗಿದೆ. ‘ಸರ್ವರುಗಳಿಗೆಲ್ಲ ನನ್ನ ಪರಿಚಯವಿದೆ, ಕಂಪನಿಗಳಿಗಿಲ್ಲ’ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನಿಮ್ಮ ಮ್ಯಾನೇಜರನ್ನು ನೀವು ರಾಕ್ಷಸ ಎಂದು ಕರೆದಿದ್ದೀರಿ. ಇರಬಹುದು, ವಡೆ ಹಂಚುವ ರಾಕ್ಷಸರೂ ಇರುತ್ತಾರೆ. ಆದರೆ ಅವರ ಜಾಗದಲ್ಲಿ ನಾಳೆ ಸಾಧುವೊಬ್ಬರು ಬಂದು ಕುಳಿತರೂ ಹೆಚ್ಚೇನೂ ಬದಲಾಗದು ಎನ್ನುವುದು ನನ್ನ ಅನುಮಾನ. ಗುತ್ತಿಗೆ ಕಂಪನಿ ಮಾರುವುದು ಸಾಫ್ಟ್‌ವೇರನ್ನಲ್ಲ, ನಿಮ್ಮ ಗಂಟೆಗಳನ್ನು. ತಲೆಗೆ ಇಷ್ಟು ಎಂದು ದೊಡ್ಡ ಸಂಸ್ಥೆಗೆ ಬಿಲ್ ಹೋಗುತ್ತದೆ. ನಿಮಗೆ ಕೊಡುವುದನ್ನು ಅದರಲ್ಲಿ ಕಳೆದರೆ ಉಳಿಯುವುದೇ ಅವರ ಬದುಕು. ಟೆಂಡರಿನಲ್ಲಿ ಕಡಿಮೆ ದರ ಕೂಗಿ ಗೆದ್ದವನು ಆ ಕಡಿಮೆಯನ್ನು ಎಲ್ಲಿಂದ ತರಬೇಕು? ಕಟ್ಟಡ ಅವನದಲ್ಲ, ಯಂತ್ರ ಅವನದಲ್ಲ, ವಿದ್ಯುತ್ತಿನ ಬಿಲ್ಲೂ ಅವನದಲ್ಲ. ಅವನ ಕೈಯಲ್ಲಿ ಹಿಂಡಲು ಸಿಗುವ ವಸ್ತು ನೀವೊಬ್ಬರೇ. ದೊಡ್ಡ ಸಂಸ್ಥೆ ಬಿಲ್ಲನ್ನು ಅರವತ್ತು ದಿನ ತಡವಾಗಿ ಪಾವತಿಸಿದರೆ ಅವನು ನಿಮ್ಮ ಸಂಬಳವನ್ನು ಹದಿನೆಂಟಕ್ಕೆ ತಳ್ಳುತ್ತಾನೆ. ಇನ್ನು ಬೆಂಚಿನಲ್ಲಿ ಕುಳಿತವನಿಗೆ ಬಿಲ್ಲೇ ಇಲ್ಲ, ಸಂಬಳ ಮಾತ್ರ ಇದೆ. ಅದಕ್ಕೇ ಪ್ರಶ್ನೆ ಕೇಳಿದವರು ಮೊದಲು ಬೆಂಚಿಗೆ, ಆಮೇಲೆ ಬಾಗಿಲಿಗೆ.

ಹೀಗಾಗಿ ನಿಮ್ಮ ಕೆಲಸ ನೋಡುವವರಿಗೆ ನಿಮ್ಮ ಸಂಬಳ ಗೊತ್ತಿಲ್ಲ, ಸಂಬಳ ಕೊಡುವವರಿಗೆ ನಿಮ್ಮ ಕೆಲಸ ಗೊತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ದೇವರೂ ಪೂಜಾರಿಯೂ ಒಂದೇ ಗುಡಿಯಲ್ಲಾದರೂ ಇರುತ್ತಾರೆ.

ಸ್ವಾಗತ ಕೊಠಡಿಯಲ್ಲಿ ಬಸವಣ್ಣನವರ ಚಿತ್ರದ ಕೆಳಗೆ ‘ಕಾಯಕವೇ ಕೈಲಾಸ’ ಎಂದು ಚೌಕಟ್ಟು ಹಾಕಿಸಿದ್ದಾರೆಂದು ಬರೆದಿದ್ದೀರಿ. ಆ ಮಾತು ಬಂದಿರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯುವುದು ಅವನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಒಪ್ಪದೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳುಹಿಸಿದಳು. ಲೆಕ್ಕಕ್ಕಿಂತ ಎರಡೂವರೆ ಗಂಟೆ ಹೆಚ್ಚು ಆಯ್ದುಕೊಳ್ಳುವ ಕಂಪನಿ ಈ ಕಥೆಯನ್ನು ಗೋಡೆಗೆ ಹಾಕಿಕೊಂಡಿರುವುದು ಧೈರ್ಯವೇ ಸರಿ.

ಪತ್ರದ ಜೊತೆ ನೀವು ಕಳುಹಿಸಿದ ಸಂಬಳ ಚೀಟಿಯನ್ನು ಪೆನ್ಸಿಲ್ ಹಿಡಿದು ಓದಿದೆ. ವರ್ಷಕ್ಕೆ 3.60 ಲಕ್ಷ ಎಂದು ಅಪ್ಪನಿಗೆ ಹೇಳಿದ್ದೀರಿ, ಅಂದರೆ ತಿಂಗಳಿಗೆ 30,000. ಅದರಲ್ಲಿ ಮಾಲೀಕನ ಪಾಲಿನ ಪಿಎಫ್ 1,800, ಗ್ರಾಚ್ಯುಟಿಗೆಂದು 721, ವಿಮೆಗೆ 500, ‘ಸಾಧನೆ ಆಧಾರಿತ’ ಎಂದು 3,000 ಮೊದಲೇ ಹೊರಗೆ. ಉಳಿದ 23,979ರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಹೋಗಿ ಕೈಗೆ 22,179. ಆ 721ರ ಮೇಲೆ ಪೆನ್ಸಿಲ್ ನಿಂತಿತು. ನಿಮ್ಮನ್ನು ನೇಮಿಸಿಕೊಂಡ ಯೋಜನೆ ಎರಡು ವರ್ಷದ್ದು, ಹಳೆಯ ಲೆಕ್ಕದಲ್ಲಿ ಗ್ರಾಚ್ಯುಟಿ ಐದು ವರ್ಷಕ್ಕೆ. ನಿಮಗೆ ಸಿಗದ ಹಣವನ್ನು ನಿಮ್ಮದೇ ಸಂಬಳವೆಂದು ಪ್ರತಿ ತಿಂಗಳೂ ಎಣಿಸಿ ತೋರಿಸುತ್ತಿದ್ದಾರೆ. ಇನ್ನೊಂದು: ಇಎಸ್‌ಐ ಆಸ್ಪತ್ರೆಯ ಸೌಲಭ್ಯಕ್ಕೆ ಸಂಬಳದ ಮಿತಿ 21,000. ನೀವು ಅದನ್ನು ಸುಮಾರು ಮೂರು ಸಾವಿರದಿಂದ ದಾಟಿ ಹೊರಗುಳಿದಿದ್ದೀರಿ. ನಿಮ್ಮ ಕೊಠಡಿಯ ಕಸ ಗುಡಿಸುವವರ ಅಮ್ಮನಿಗೆ ಇಎಸ್‌ಐಯಲ್ಲಿ ಚಿಕಿತ್ಸೆಯುಂಟು. ನಿಮ್ಮ ಅಮ್ಮನಿಗೆ 500 ರೂಪಾಯಿಯ ವಿಮೆ ಎಷ್ಟು ಕೊಡುತ್ತದೋ ಅಷ್ಟೇ.

ಈಗ ಆ ಸಾಲಿಗೆ.

ನಿಮ್ಮ ತಂದೆ ಎರಡು ಎಕರೆ ಕಬ್ಬು ಬೆಳೆಯುತ್ತಾರೆಂದು ಬರೆದಿದ್ದೀರಿ. ಹಾಗಾದರೆ ಕಬ್ಬು ಕಡಿಯುವ ಗ್ಯಾಂಗ್ ನಿಮಗೆ ಹೊಸದಲ್ಲ. ಬಳ್ಳಾರಿ ಕಡೆಯಿಂದ ಗಂಡ, ಹೆಂಡತಿ, ಮಕ್ಕಳು ಸಮೇತ ಬಂದು ಗದ್ದೆಯಂಚಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಾರೆ. ಅವರನ್ನು ತರುವವನು ಮೇಸ್ತ್ರಿ. ಕೂಲಿ ಮೇಸ್ತ್ರಿಯ ಕೈಗೆ, ಅವನ ಪಾಲು ಕಳೆದು ಗ್ಯಾಂಗಿಗೆ. ಕಡಿಯುವವರು ಅರ್ಧದಲ್ಲಿ ಬಿಟ್ಟು ಹೋಗದಂತೆ ಅವನು ಊರಿನಲ್ಲೇ ಮುಂಗಡ ಕೊಟ್ಟು ಕಟ್ಟಿ ಹಾಕಿರುತ್ತಾನೆ. ನೀವು ಪ್ರತಿ ವರ್ಷ ಇದನ್ನು ಗದ್ದೆಯ ಬದುವಿನ ಮೇಲೆ ನಿಂತು ನೋಡಿದ್ದೀರಿ. ನಿಮ್ಮ ಗುತ್ತಿಗೆದಾರ ಮಾಡುತ್ತಿರುವುದು ಇದನ್ನೇ ಅಲ್ಲವೇ? ಒಂದು ವ್ಯತ್ಯಾಸವುಂಟು. ಗ್ಯಾಂಗಿನವರಿಗೆ ಮುಂಗಡವಾದರೂ ಕೈಗೆ ಸಿಕ್ಕಿರುತ್ತದೆ. ಮಗಳ ಮದುವೆಗೋ ಮನೆಯ ಸೂರಿಗೋ ಆಗಿರುತ್ತದೆ. ನಿಮಗೆ ಒಂದು ಪೈಸೆ ಮುಂಗಡ ಕೊಡದೆ ಒಂದೂವರೆ ಲಕ್ಷಕ್ಕೆ ಕಟ್ಟಿ ಹಾಕಿದ್ದಾರೆ. ಒತ್ತೆಯಿಟ್ಟದ್ದೂ ನೀವೇ: ಎಂಟು ಸೆಮಿಸ್ಟರಿನ ಅಂಕಪಟ್ಟಿ.

1947ರ ಕೈಗಾರಿಕಾ ವಿವಾದ ಕಾಯ್ದೆ ‘ಕಾರ್ಮಿಕ’ ಎಂಬ ಪದಕ್ಕೆ ಕೊಟ್ಟ ವಿವರಣೆಯಲ್ಲಿ, 1956ರ ತಿದ್ದುಪಡಿ ಕೈಕೆಲಸದ ಪಕ್ಕದಲ್ಲೇ ‘ತಾಂತ್ರಿಕ’ ಕೆಲಸವನ್ನೂ ಸೇರಿಸಿತು. ಆಗ ನಮ್ಮಲ್ಲಿ ಕಂಪ್ಯೂಟರ್ ಕಂಡವರೇ ಅಪರೂಪ. ಹಳೆಯ ಕಾಯ್ದೆಗಳ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿಯೂ ಆ ಪದ ಹಾಗೆಯೇ ಮುಂದುವರಿದಿದೆ. ಸರ್ವರ್ ನೋಡಿಕೊಳ್ಳುವವರು, ದೂರು ಬಗೆಹರಿಸುವವರು ಆ ಪದದೊಳಗೆ ಬರುತ್ತಾರೆ. ಆಡಳಿತ ನಡೆಸುವವರು ಬರುವುದಿಲ್ಲ. ನಿಮ್ಮ ಕೈಕೆಳಗೆ ಒಬ್ಬರೂ ಇಲ್ಲ, ರಜೆ ಮಂಜೂರು ಮಾಡುವ ಅಧಿಕಾರ ನಿಮಗಿಲ್ಲ, ಆದರೂ ಚೀಟಿಯಲ್ಲಿ ನಿಮ್ಮ ಹುದ್ದೆ ‘ಅಸೋಸಿಯೇಟ್ ಲೀಡ್’. ಇಂಥ ಬಿರುದುಗಳನ್ನು ಪುಕ್ಕಟೆ ಹಂಚುವುದರಲ್ಲಿ ಕಂಪನಿಗಳು ಧಾರಾಳಿಗಳು. ಲೀಡ್ ಎಂದು ಬರೆದುಕೊಟ್ಟರೆ ನಾಳೆ ‘ಇವರು ಕಾರ್ಮಿಕರೇ ಅಲ್ಲ’ ಎಂದು ವಾದಿಸಲು ಒಂದು ಕಾಗದ ಸಿಕ್ಕಂತಾಯಿತು.

ಅದೇ ಬಗೆಯ ಕೊಕ್ಕೆ ಇನ್ನೊಂದಿದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಸಂಬಳ ಕೊಡದಿದ್ದರೆ, ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಸಂಹಿತೆಗಳಲ್ಲಿಯೂ ಈ ಹೊಣೆ ಉಳಿದಿದೆ, ಆದರೆ ಕಾನೂನು ಅನ್ವಯವಾಗಲು ಬೇಕಿದ್ದ ಇಪ್ಪತ್ತು ಜನರ ಮಿತಿ ಐವತ್ತಕ್ಕೆ ಏರಿದೆ. ನಿಮ್ಮ ಗುತ್ತಿಗೆದಾರನ ಬಳಿ ಮುನ್ನೂರು ಜನರಿದ್ದಾರೆ, ಆ ಚಿಂತೆಯಿಲ್ಲ. ಕೊಕ್ಕೆ ಇರುವುದು ಪದದ ಅರ್ಥದಲ್ಲಿ. ಗುತ್ತಿಗೆದಾರ ತನ್ನ ಸ್ವಂತ ಖಾಯಂ ನೌಕರನಂತೆ ಇಟ್ಟುಕೊಂಡು, ಕಾಲಕಾಲಕ್ಕೆ ಸಂಬಳ ಏರಿಸಿ, ಪಿಎಫ್ ಮುಂತಾದ ಸೌಲಭ್ಯ ಕೊಟ್ಟವರು ‘ಗುತ್ತಿಗೆ ಕಾರ್ಮಿಕ’ರಲ್ಲ ಎನ್ನುತ್ತದೆ ಹೊಸ ಸಂಹಿತೆ. ಹಾಗಾಗಿ ‘ನಾವೇನು ಕೂಲಿಯವರಲ್ಲ’ ಎಂದು ಇವತ್ತು ನೀವು ಅಭಿಮಾನದಿಂದ ಹೇಳುವ ಮಾತನ್ನು, ನಾಳೆ ನಿಮ್ಮ ಕಂಪನಿಯ ವಕೀಲರು ಅಧಿಕಾರಿಯ ಮುಂದೆ ಇನ್ನೂ ಚೆನ್ನಾಗಿ ಹೇಳುತ್ತಾರೆ. ಇಡೀ ಪತ್ರದಲ್ಲಿ ನೀವೂ ಅವರೂ ಒಮ್ಮತದಿಂದ ಇರುವುದು ಇದೊಂದೇ ವಿಷಯದಲ್ಲಿ. ‘ಯೋಜನೆ ಮುಗಿಯುವವರೆಗೆ’ ಎಂದಿರುವ ನಿಮ್ಮ ನೇಮಕಾತಿ ಪತ್ರ, ಏರದ ಸಂಬಳ, ಖಾಲಿ ಬಿದ್ದ ಪಿಎಫ್ ತಿಂಗಳುಗಳು ನಿಮ್ಮ ಪರ ಸಾಕ್ಷಿ ಹೇಳುತ್ತವೆ. ಅವು ಹೇಳುವುದು ನೀವು ಗುತ್ತಿಗೆ ಕಾರ್ಮಿಕರು ಎಂದೇ. ನಿಮಗೆ ಆ ಪದದ ಬಗ್ಗೆ ನಾಚಿಕೆಯಾದರೆ ಸಾಕ್ಷಿ ಹೇಳಿಸುವವರು ಯಾರು?

ನಮ್ಮ ಮೈಸೂರಿನಲ್ಲಿ ಆ ಪದಕ್ಕೆ ನಾಚದವರು ಇದ್ದರು. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ಊರಿಗೆ ದೇಶದ ಮೊದಲ ಸ್ಥಾನ ತಂದುಕೊಟ್ಟ ಪೌರಕಾರ್ಮಿಕರಲ್ಲಿ ಎಷ್ಟೋ ಜನ ಗುತ್ತಿಗೆಯವರೇ. ಪೊರಕೆ ಹಿಡಿದೇ ಪಾಲಿಕೆಯ ಮುಂದೆ ಕುಳಿತು, ರಾಜ್ಯದ ಉಳಿದ ಊರುಗಳವರ ಜೊತೆ ಸೇರಿ, ಗುತ್ತಿಗೆದಾರನ ಕೈ ತಪ್ಪಿಸಿ ನೇರ ಪಾವತಿ ಮಾಡಿಸಿಕೊಂಡರು. ಅವರ ಬಳಿ ಪದವಿ ಇರಲಿಲ್ಲ, ಹಾಗಾಗಿ ಪದವಿಯ ಭಾರವೂ ಇರಲಿಲ್ಲ.

ಐಟಿಯವರಿಗೆ ಕಾನೂನೇ ಇಲ್ಲ ಎಂದು ಯಾರೋ ನಿಮಗೆ ಹೇಳಿದ್ದಾರೆ. ಅರ್ಧ ಸುಳ್ಳು. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಟ್ಟದ್ದು, ಕೆಲಸದ ಷರತ್ತುಗಳನ್ನು ಬರೆದು ನಿಗದಿ ಮಾಡಬೇಕೆನ್ನುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ. 2014ರಲ್ಲಿ, ಮತ್ತೆ 2019ರಲ್ಲಿ, ಮತ್ತೆ 2024ರಲ್ಲಿ ಅದನ್ನು ಐದೈದು ವರ್ಷ ಕೊಟ್ಟಿತು. ಅದಕ್ಕೂ ಕುಂದುಕೊರತೆ ಸಮಿತಿ ಇರಬೇಕು ಎಂಬಂಥ ಷರತ್ತುಗಳಿದ್ದವು. ಉಳಿದ ಕಾಯ್ದೆಗಳು ಹೆಬ್ಬಾಳದ ಗೇಟಿನ ಹೊರಗೆ ನಿಲ್ಲುವುದಿಲ್ಲ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಎನ್ನುತ್ತದೆ. ಮೀರಿದರೆ ದುಪ್ಪಟ್ಟು ದರ. 2024ರಲ್ಲಿ ಇದನ್ನು 14 ಗಂಟೆಯವರೆಗೆ ಎಳೆಯುವ ಪ್ರಸ್ತಾವ ಬಂದಾಗ ಬೀದಿಗಿಳಿದು ವಿರೋಧಿಸಿದ್ದು ಐಟಿ ನೌಕರರ ಸಂಘವೇ. ನಿಮ್ಮಂಥ ಎಂಜಿನಿಯರುಗಳೇ ಅದರಲ್ಲಿರುವುದು. ಸಂಬಳದ ವಿಚಾರದಲ್ಲಿ, ಹಳೆಯ ಕಾಯ್ದೆಯ ರಕ್ಷಣೆ 24,000 ರೂಪಾಯಿ ದಾಟಿದವರಿಗೆ ಇರಲಿಲ್ಲ. ಹೊಸ ವೇತನ ಸಂಹಿತೆಯಲ್ಲಿ ಆ ಗಡಿಯಿಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ. ಕೆಲಸ ಬಿಟ್ಟರೆ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ. ‘45 ದಿನ ಆಗುತ್ತದೆ’ ಎಂದು ನಿಮ್ಮ ಎಚ್‌ಆರ್ ಹೇಳುವುದು ರೂಢಿಯ ಮಾತು. ಅವಧಿ ನಮೂದಿಸಿದ ನೇಮಕಾತಿಯಾದರೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂದೂ ಹೊಸ ಸಂಹಿತೆಯಲ್ಲಿದೆ. ಆ 721ನ್ನು ಕೇಳಲು ದಾರಿ ಅದು.

ಪಿಎಫ್ ವಿಷಯದಲ್ಲಿ ತಡ ಮಾಡಬೇಡಿ. ಕಡಿತವಾದ ಹಣ ಮುಂದಿನ ತಿಂಗಳ 15ರೊಳಗೆ ಜಮೆಯಾಗಬೇಕು. ನಿಮ್ಮ ಸಂಬಳದಿಂದ ಕತ್ತರಿಸಿ ಕಟ್ಟದಿರುವುದನ್ನು ಅಪರಾಧ ಕಾನೂನು ನಂಬಿಕೆ ದ್ರೋಹವೆಂದೇ ಕರೆಯುತ್ತದೆ. ಉಮಂಗ್ ಆಪ್‌ನಲ್ಲಿ ಪಾಸ್‌ಬುಕ್ ಇಳಿಸಿಕೊಂಡು, ಅದೇ ತಿಂಗಳುಗಳ ಸಂಬಳ ಚೀಟಿಗಳ ಜೊತೆಗಿಟ್ಟು ಮೈಸೂರಿನ ಪಿಎಫ್ ಕಚೇರಿಗೆ ದೂರು ಕೊಡಿ. ಇದಕ್ಕೆ ವಾದ ಬೇಕಿಲ್ಲ, ಎರಡು ಕಾಗದ ಸಾಕು.

ಬಾಂಡ್ ಬಗ್ಗೆ ಸಿಹಿ ಸುದ್ದಿ ಮಾತ್ರ ಹೇಳಿದರೆ ಮೋಸವಾದೀತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಬ್ಯಾಂಕೊಂದು ಅಧಿಕಾರಿಯಿಂದ ಬರೆಸಿಕೊಂಡಿದ್ದ ಮೂರು ವರ್ಷದ, ಎರಡು ಲಕ್ಷ ರೂಪಾಯಿಯ ಬಾಂಡನ್ನು ಎತ್ತಿ ಹಿಡಿಯಿತು. ಬಾಂಡ್‌ಗಳೆಲ್ಲ ಕಸ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ 1872ರ ಕರಾರು ಕಾಯ್ದೆಯ 74ನೆಯ ಸೆಕ್ಷನ್ ಕೊಡಿಸುವುದು ನ್ಯಾಯೋಚಿತ ಪರಿಹಾರವನ್ನು. ಬರೆದಿಟ್ಟ ಮೊತ್ತ ಅದರ ಗರಿಷ್ಠ ಮಿತಿಯಷ್ಟೇ. ನಿಮಗೆ ಕೊಟ್ಟ ತರಬೇತಿ ಹನ್ನೊಂದು ದಿನದ ಸ್ಲೈಡ್ ಪ್ರದರ್ಶನ ಎಂದಿದ್ದೀರಿ. ಅದಕ್ಕೆ ಒಂದೂವರೆ ಲಕ್ಷ ಹೇಗಾಯಿತು ಎಂದು ಲಿಖಿತವಾಗಿ ಕೇಳಿ. ಅಂಕಪಟ್ಟಿಯ ಮಾತೇ ಬೇರೆ. ಅದು ನಿಮ್ಮ ಆಸ್ತಿ. ಬಾಂಡ್ ಊರ್ಜಿತವಾದರೂ ಅದನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವ ಹಕ್ಕು ಅವರಿಗೆ ಬರುವುದಿಲ್ಲ. ಬೇರೆಲ್ಲ ದೂರಿಗಿಂತ ಮುಂಚೆ, ಬ್ಯಾಂಕ್ ಸಾಲಕ್ಕೋ ಉನ್ನತ ವ್ಯಾಸಂಗಕ್ಕೋ ಬೇಕು ಎಂದು ಮೇಲ್ ಮಾಡಿ ಅದನ್ನು ಬಿಡಿಸಿಕೊಳ್ಳಿ. ಇಷ್ಟು ಚಾಲಾಕಿತನಕ್ಕೆ ಸಂಪಾದಕನ ಅನುಮತಿಯಿದೆ.

ಹಾಗೆಯೇ, ‘ಎರಡು ವರ್ಷ ತಾಳಿದರೆ ಆ ಸಂಸ್ಥೆಯವರೇ ನಿಮ್ಮನ್ನು ಖಾಯಂ ಮಾಡಿಕೊಳ್ಳುತ್ತಾರೆ’ ಎಂಬ ಆಸೆಯ ಮೇಲೆ ಮನೆ ಕಟ್ಟಬೇಡಿ. ಗುತ್ತಿಗೆ ಪದ್ಧತಿಯನ್ನೇ ಸರ್ಕಾರ ನಿಷೇಧಿಸಿದರೂ ಕಾರ್ಮಿಕರು ತಾವಾಗಿಯೇ ಖಾಯಂ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ನೇಮಕಾತಿ ಪತ್ರಗಳ ಇಸ್ಪೀಟ್ ಹರಡಿದವರೂ ಮೊದಲ ಸಲ ಸೇರುವಾಗ ಇದೇ ಮಾತು ಕೇಳಿಸಿಕೊಂಡಿದ್ದರು.

ಮಾತನಾಡಲೇ ಎಂದು ಕೇಳಿದ್ದೀರಿ. ಒಬ್ಬರೇ ಮಾತನಾಡಬೇಡಿ. ಒಬ್ಬ ಮಾತನಾಡಿದರೆ ಬೆಂಚ್. ಕಿತ್ತಳೆ ಪಟ್ಟಿಯ ಹದಿನೈದು ಜನ ಒಂದೇ ಕಾಗದಕ್ಕೆ ಸಹಿ ಹಾಕಿದರೆ ಅಷ್ಟು ಜನರ ಬಿಲ್ ಒಮ್ಮೆಲೇ ನಿಲ್ಲಿಸುವ ಧೈರ್ಯ ಯಾವ ಗುತ್ತಿಗೆದಾರನಿಗೂ ಇರದು. ಆ ಕಾಗದದ ಒಂದು ಪ್ರತಿ ನೀಲಿ ಪಟ್ಟಿಯ ಸಂಸ್ಥೆಗೂ ಹೋಗಲಿ, ಒಂದು ಕಾರ್ಮಿಕ ಇಲಾಖೆಗೆ. ಅಲ್ಲಿಯವರೆಗೆ ಒಂದು ನೋಟ್‌ಪುಸ್ತಕವಿಡಿ. ಮಂಡ್ಯದಲ್ಲಿ ರೈಲು ಹತ್ತಿದ ಹೊತ್ತು, ಶ್ರೀರಂಗಪಟ್ಟಣ ದಾಟುವ ಮೊದಲೇ ಮೊಬೈಲಿಗೆ ಬಂದ ಮೊದಲ ದೂರು, ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಆದೇಶ, ಎಲ್ಲವನ್ನೂ ದಿನಾಂಕದೊಂದಿಗೆ ಬರೆದಿಡಿ. ಇಷ್ಟು ಮಾಡಿದ ಮೇಲೂ ಕೆಲಸ ಹೋಗಬಹುದು. ಹೋಗುವುದಿಲ್ಲ ಎಂದು ಇಲ್ಲಿ ಕುಳಿತು ಭರವಸೆ ಕೊಡುವುದು ನನಗೆ ಸುಲಭ, ನಿಮಗೆ ದುಬಾರಿ.

ಬಿಡುವ, ಉಳಿಯುವ ನಿರ್ಧಾರ ನಿಮ್ಮದು. ತಂದೆಯವರಿಗೆ ಮಾತ್ರ 3.60 ಲಕ್ಷದ ಲೆಕ್ಕ ಬಿಟ್ಟು 22,179ರ ಲೆಕ್ಕ ಹೇಳಿ. ಮೇಸ್ತ್ರಿಯೊಂದಿಗೆ ಪ್ರತಿ ವರ್ಷ ಚೌಕಾಸಿ ಮಾಡುವ ರೈತನಿಗೆ ನಿಮ್ಮ ಕಂಪನಿ ನಿಮಗಿಂತ ಬೇಗ ಅರ್ಥವಾದೀತು.

ಇನ್ನು ನನ್ನ ಮನೆಯ ವಿಷಯ. ಈ ಪತ್ರಿಕೆಯ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ತರುಣರು ನಮ್ಮ ನೌಕರರಲ್ಲ. ಏಜೆನ್ಸಿಯೊಂದು ಅವರನ್ನು ಕಳುಹಿಸುತ್ತದೆ. ತಿಂಗಳ ಕೊನೆಗೆ ಬಿಲ್ ಬರುತ್ತದೆ, ನಾನು ಸಹಿ ಹಾಕುತ್ತೇನೆ. ಮೂರು ವರ್ಷದಿಂದ ಹೀಗೆ. ನಿಮ್ಮ ಪತ್ರ ಓದಿದ ದಿನ ಮೊದಲ ಬಾರಿ ಅವರನ್ನು ಕೇಳಿದೆ, ಸಂಬಳ ಎಂದು ಬರುತ್ತದೆ ಎಂದು. ‘ನೀವು ಬಿಲ್ಲಿಗೆ ಸಹಿ ಹಾಕಿ ಹತ್ತು ದಿನಕ್ಕೆ’ ಎಂದರು. ನಾನು ಎಷ್ಟೋ ತಿಂಗಳು ಆ ಬಿಲ್ಲನ್ನು ಸಂಚಿಕೆಯ ಗಡಿಬಿಡಿಯಲ್ಲಿ ಎರಡು ವಾರ ಮೇಜಿನ ಮೇಲೆ ಬಿಟ್ಟಿದ್ದೇನೆ. ಪಿಎಫ್ ಕಟ್ಟಿದ ರಸೀದಿ ತೋರಿಸಿ ಎಂದು ಏಜೆನ್ಸಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ, ಈ ತಿಂಗಳ ಬಿಲ್ ಬಂತು. ರಸೀದಿ ಬರುವವರೆಗೆ ತಡೆಹಿಡಿಯೋಣ ಎಂದುಕೊಂಡೆ. ತಡೆಹಿಡಿದರೆ ಮೊದಲು ನಿಲ್ಲುವುದು ಆ ತರುಣರ ಸಂಬಳವೇ. ಸಹಿ ಹಾಕಿ, ರಸೀದಿ ಎಲ್ಲಿ ಎಂದು ಅದರ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದು, ಬಂದ ದಿನವೇ ವಾಪಸು ಕಳುಹಿಸಿದ್ದೇನೆ.

– ಸಂಪಾದಕ